ಕಡಲ ಮಗ್ಗುಲಲ್ಲಿ ಮೊದಲ ಸ್ಪೋರ್ಟ್ಸ್ ಕಾರು: ಹೊಸದೋ, ಹಳೆಯದೋ?

ಹುಟ್ಟೂರು ಬಿಟ್ಟು ಮಹಾನಗರದಲ್ಲಿ ನೆಲೆಯೂರಿದ ಕುಟುಂಬಗಳಲ್ಲಿ ವಾಹನ ಕೊಳ್ಳುವುದಕ್ಕೂ ಒಂದು ಕ್ರಮ ಇರುವುದುಂಟು. ಮೊದಲು ಸೈಕಲ್ಲು, ಬಳಿಕ ಸ್ಕೂಟರು, ಮಕ್ಕಳು ಶಾಲೆ ಸೇರಿದ ಮೇಲೆ ನಾಲ್ಕು ಬಾಗಿಲಿನ ಸಂಸಾರದ ಕಾರು. ಆ ಮಕ್ಕಳು ದುಡಿಯತೊಡಗಿ ಐದಾರು ವರ್ಷ ಕಳೆದಾಗ ಮನೆಯಲ್ಲಿ ಸ್ಪೋರ್ಟ್ಸ್ ಕಾರಿನ ಮಾತು ಮೊಳೆಯುತ್ತದೆ. ಹಿರಿಯರಿಗೆ ಅದು ದುಂದುವೆಚ್ಚ. ಕಿರಿಯರಿಗೆ ಬಹುಕಾಲದ ಆಸೆ. ಬೇಕೆ ಬೇಡವೆ ಎಂಬ ವಾದವನ್ನು ಆಯಾ ಮನೆಯವರೇ ತೀರಿಸಿಕೊಳ್ಳತಕ್ಕದ್ದು. ಅದು ತೀರಿದ ಮರುದಿನ ಏಳುವ ಪ್ರಶ್ನೆ ಬೇರೆ: ಹೊಸದನ್ನು ಕೊಳ್ಳುವುದೋ, ಒಬ್ಬರ ಕೈಯಲ್ಲಿ ಓಡಿದ ಹಳೆಯದನ್ನೋ? ಬೇರೆ ಊರುಗಳಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ಹಣದ ಲೆಕ್ಕ. ರಾಯಪುರಂನಂತಹ ಕಡಲ ಮಗ್ಗುಲಿನ ಬಡಾವಣೆಯಲ್ಲಿ ಮಾತ್ರ ಅದಕ್ಕೆ ಉಪ್ಪುಗಾಳಿ, ಮಳೆನೀರು ಮತ್ತು ಮನುಷ್ಯದೇಹ ಎಂಬ ಇನ್ನು ಮೂರು ಲೆಕ್ಕಗಳು ಸೇರುತ್ತವೆ.

ವೇಗದ ಕಾರಿನ ಹುಚ್ಚು ಈ ನಗರಕ್ಕೆ ಹೊಸದಲ್ಲ. ರಾಯಪುರಂನಿಂದ ಉತ್ತರಕ್ಕೆ ಕಲ್ಕತ್ತೆಯ ಹೆದ್ದಾರಿಯಲ್ಲಿ ಹೋದರೆ ಸಿಗುವ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯೊಂದಿತ್ತು. ಅಲ್ಲಿ 1950ರ ದಶಕದಿಂದ ಹಲವು ದಶಕಗಳ ಕಾಲ ಕಾರು ಪಂದ್ಯಗಳು ನಡೆದವು; 1990ರಲ್ಲಿ ಇರುಂಗಾಟ್ಟುಕೋಟ್ಟೈನಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಪಥ ಆರಂಭವಾಯಿತು. ಆಮದು ನಿರ್ಬಂಧದ ಆ ದಿನಗಳಲ್ಲಿ ಹೊಸ ಸ್ಪೋರ್ಟ್ಸ್ ಕಾರು ಎಂಬುದು ಅಂಗಡಿಯಲ್ಲಿ ದೊರೆಯುವ ವಸ್ತುವಾಗಿರಲಿಲ್ಲ. ಫಿಯಟ್ಟಿನ ಎಂಜಿನ್ನನ್ನೇ ಬಿಚ್ಚಿ ಹದಗೊಳಿಸಿ ಓಡಿಸುವವರಿದ್ದರು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯು 1961ರಲ್ಲಿ ಆರಂಭಿಸಿದ ಹೆರಾಲ್ಡ್ ಕಾರಿಗೂ ಅಭಿಮಾನಿಗಳಿದ್ದರು. ಅದಕ್ಕೆ ಕಾರಣವೂ ಉಂಟು: ಇಂಗ್ಲೆಂಡಿನ ಟ್ರಯಂಫ್ ಕಂಪನಿಯು 1962ರಲ್ಲಿ ತಂದ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಇದೇ ಹೆರಾಲ್ಡಿನ ಚಾಸಿಯಿಂದ ಹುಟ್ಟಿದ್ದು. ಅಂದರೆ ನಮ್ಮಲ್ಲಿ ಆಫೀಸಿಗೆ ಹೋಗಿಬರುತ್ತಿದ್ದ ಬಡ ಅಣ್ಣನಿಗೆ ವಿಲಾಯಿತಿಯಲ್ಲಿ ಒಬ್ಬ ಷೋಕಿಯ ತಮ್ಮನಿದ್ದನು.

ಇಂದು ಆಯ್ಕೆ ವಿಸ್ತಾರವಾಗಿದೆ. ಇರುಂಗಾಟ್ಟುಕೋಟ್ಟೈನ ಹ್ಯುಂಡೈ ಕಾರ್ಖಾನೆಯಿಂದಲೇ 2021ರಲ್ಲಿ ಐ-20 ಎನ್ ಲೈನ್ ಎಂಬ, ಒಂದು ಲೀಟರಿನ ಟರ್ಬೋ ಎಂಜಿನ್ನಿನ ಚುರುಕಾದ ಸಣ್ಣ ಕಾರು ಹೊರಬಂದಿತು. ಅದೇ ವರ್ಷ ಬಿ.ಎಂ.ಡಬ್ಲ್ಯೂ.ನ ಚೆನ್ನೈ ಕಾರ್ಖಾನೆ ಎಂ-340-ಐ ಎಂಬ ಬಲಶಾಲಿ ಕಾರನ್ನು ಜೋಡಿಸತೊಡಗಿತು. ಅಪ್ಪಟ ಎರಡು ಆಸನದ ಸ್ಪೋರ್ಟ್ಸ್ ಕಾರುಗಳು ಬಹುತೇಕ ಹೊರದೇಶದಿಂದಲೇ ಬರತಕ್ಕವು. ಹಳೆಯ ಕಾರುಗಳ ಸಂತೆಯಲ್ಲಿಯಾದರೋ ಇನ್ನೂ ವಿಶೇಷವಾದ ಮುಖಗಳಿವೆ: 2013ರಲ್ಲಿ ಬಂದು, 2022ರಲ್ಲಿ ಪೋಲೋ ವಂಶವೇ ಇಲ್ಲಿ ನಿಂತುಹೋದಾಗ ನಿಂತ ಪೋಲೋ ಜಿ.ಟಿ.; 2015ರ ಪುಂಟೋ ಅಬಾರ್ತ್; 1990ರ ದಶಕದ ಕೊನೆಯಲ್ಲಿ ಗೋವೆಯಲ್ಲಿ ತಯಾರಾಗತೊಡಗಿದ, ರೆನೋ ಎಂಜಿನ್ನಿನ ಎರಡಾಸನದ ಸ್ಯಾನ್ ಸ್ಟಾರ್ಮ್. ಸ್ಯಾನ್ ಸ್ಟಾರ್ಮಿನ ಮೈ ಫೈಬರ್ ಗ್ಲಾಸಿನದು. ಕಾಶಿಮೇಡಿನ ಮೀನುಗಾರಿಕೆ ಬಂದರಿನಲ್ಲಿ ಫೈಬರ್ ದೋಣಿಗಳ ಬಿರುಕು ಮುಚ್ಚುವುದನ್ನು ನೋಡಿದವರಿಗೆ ಈ ಕಾರಿನ ಮೈಯ ರಿಪೇರಿ ಅಪರಿಚಿತ ವಿದ್ಯೆಯೆನಿಸದು. ಆದರೆ ಮೈ ತುಕ್ಕು ಹಿಡಿಯದಿದ್ದರೂ ಅದರ ಕೆಳಗಿನ ಉಕ್ಕು ಹಿಡಿದೀತು ಎಂಬುದನ್ನು ಮರೆಯಬಾರದು.

ಹಣದ ಮಾತು

ಹೊಸ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ತೆರಿಗೆಯದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರದಂತೆ, ನಾಲ್ಕು ಮೀಟರ್ ಮೀರದ ಮತ್ತು 1,200 ಸಿ.ಸಿ. ಮೀರದ ಪೆಟ್ರೋಲ್ ಕಾರಿಗೆ ಶೇಕಡ 18, ಅದಕ್ಕಿಂತ ದೊಡ್ಡದಕ್ಕೆ ಶೇಕಡ 40. ಇದರ ಮೇಲೆ ತಮಿಳುನಾಡಿನ ಆಜೀವ ರಸ್ತೆ ತೆರಿಗೆ. 2023ರ ನವೆಂಬರಿನ ಪರಿಷ್ಕರಣೆಯಲ್ಲಿ 20 ಲಕ್ಷ ರೂಪಾಯಿ ಮೀರಿದ ಹೊಸ ಕಾರಿಗೆ ಇದು ಶೇಕಡ 20 ಆಯಿತು. ಕಾರನ್ನು ಮಾರುವ ದಿನ ಈ ತೆರಿಗೆಗಳನ್ನು ಯಾರೂ ಹಿಂದಿರುಗಿಸುವುದಿಲ್ಲ.

ಬೆಲೆ ಹೇಗೆ ಕರಗುತ್ತದೆಂಬುದಕ್ಕೆ ವಿಮಾ ಲೆಕ್ಕದಲ್ಲಿ ರೂಢಿಯಲ್ಲಿರುವ ಪಟ್ಟಿಯೇ ಸಾಕ್ಷಿ. ಮೊದಲ ಆರು ತಿಂಗಳಲ್ಲಿ ಶೇಕಡ 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಮೂವತ್ತು ಲಕ್ಷದ ಕಾರು ಐದನೆಯ ವರ್ಷದಲ್ಲಿ ವಿಮೆಯ ಕಣ್ಣಿಗೆ ಹದಿನೈದು ಲಕ್ಷದ್ದು. ಸಂತೆಯ ಬೆಲೆ ಇದಕ್ಕಿಂತ ಹೆಚ್ಚೂ ಇದ್ದೀತು, ಕಡಮೆಯೂ ಇದ್ದೀತು. ಇಳಿಜಾರಿನ ದಿಕ್ಕಂತೂ ಇದೇ. ಈ ಇಳಿಜಾರಿನ ಕಡಿದಾದ ಭಾಗವನ್ನು ಮೊದಲ ಒಡೆಯನು ಇಳಿದು ಮುಗಿಸಿರುತ್ತಾನೆ ಎಂಬುದೇ ಹಳೆಯ ಕಾರಿನ ಪರವಾದ ಬಲವಾದ ವಾದ.

ಇನ್ನೊಂದು ವಾದವೂ ಇದೆ, ಅದನ್ನು ಹೇಳುವವರು ಕಡಮೆ. ಮೊದಲ ಸ್ಪೋರ್ಟ್ಸ್ ಕಾರು ಎಂದರೆ ಕಲಿಕೆಯ ಕಾರು. ಹತ್ತು ವರ್ಷ ಸಂಸಾರದ ಕಾರನ್ನು ನಡೆಸಿದ ಕೈಗೂ ತಗ್ಗಾದ ಮೂತಿ, ಅಗಲವಾದ ಚಕ್ರ, ಬೇಗ ಹರಿಯುವ ಶಕ್ತಿ ಇವೆಲ್ಲ ಹೊಸವು. ಭಾರತೀಯ ರಸ್ತೆ ಕಾಂಗ್ರೆಸ್ಸು ವಿಧಿಸಿದ ವೇಗತಡೆ ದಿಬ್ಬ ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲದ್ದು. ಬೀದಿಯವರೇ ಸಿಮೆಂಟು ಸುರಿದು ಮಾಡಿಕೊಂಡ ದಿಬ್ಬಗಳು ಈ ಅಳತೆಯನ್ನು ಕಂಡೂ ಕೇಳಿಯೂ ಇಲ್ಲ. ನೆಲದಿಂದ ಹನ್ನೆರಡು ಸೆಂಟಿಮೀಟರ್ ಎತ್ತರದಲ್ಲಿ ಹೊಟ್ಟೆಯಿರುವ ಕಾರು ಅಲ್ಲಿ ಉಜ್ಜದೆ ದಾಟುವುದು ಪುಣ್ಯವಿದ್ದರೆ ಮಾತ್ರ. ಮೊದಲ ವರ್ಷದ ಈ ಗೀರುಗಳು ಹೊಸ ಕಾರಿನ ಮೈಯಲ್ಲಿ ಒಡೆಯನ ನಿದ್ದೆಗೆಡಿಸುತ್ತವೆ, ಹಳೆಯ ಕಾರಿನಲ್ಲಿ ಗೀರಾಗಿಯೇ ಉಳಿಯುತ್ತವೆ. ಬಂಪರು ಪ್ಲಾಸ್ಟಿಕ್ಕಿನದು, ಸಾಮಾನ್ಯ ವಿಮೆಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ಹಣವನ್ನು ಮಾತ್ರ ಕೊಡುತ್ತಾರೆ. ಪೂರ್ತಿ ಬೇಕಾದರೆ ಸವಕಳಿ ಕಳೆಯದ ಹೆಚ್ಚುವರಿ ವಿಮೆಯನ್ನು ಬೇರೆಯಾಗಿ ಪಡೆಯಬೇಕು, ಅದು ಹಳೆಯ ಕಾರುಗಳಿಗೆ ಸಿಗುವುದು ಕಷ್ಟ.

ಉಪ್ಪು ಮತ್ತು ನೀರು

ಇಷ್ಟು ಕೇಳಿದರೆ ಹಳೆಯದೇ ಲೇಸೆಂದು ತೋರುತ್ತದೆ. ಇಲ್ಲಿಯೇ ರಾಯಪುರಂ ಅಡ್ಡ ಬರುತ್ತದೆ. 1856ರ ರೈಲು ನಿಲ್ದಾಣವನ್ನೂ 1910ರ ಪಾರಸಿ ಅಗ್ನಿಮಂದಿರವನ್ನೂ ಉಳಿಸಿಕೊಂಡಿರುವ ಈ ಬಡಾವಣೆಯಿಂದ ಕಡಲು ಕೂಗಳತೆಯ ದೂರ. ಅಲೆ ಒಡೆದಾಗ ಎದ್ದ ಉಪ್ಪಿನ ಸೂಕ್ಷ್ಮ ಹನಿಗಳನ್ನು ಗಾಳಿಯು ದಡದಿಂದ ಕೆಲವು ನೂರು ಮೀಟರಿನವರೆಗೆ ದಟ್ಟವಾಗಿ ಹೊತ್ತು ತರುತ್ತದೆ. ಕಬ್ಬಿಣದ ಮೇಲೆ ಕುಳಿತ ಈ ಉಪ್ಪು ಹವೆಯ ತೇವವನ್ನು ಹೀರಿ ಸದಾ ಒದ್ದೆಯಾಗಿರುವುದರಿಂದ ತುಕ್ಕಿಗೆ ಬಿಡುವೇ ಇಲ್ಲ. ಇದು ಸಾಲದೆಂಬಂತೆ ಕಾಶಿಮೇಡಿನಿಂದ ಹೊರಡುವ ಮೀನಿನ ಗಾಡಿಗಳಿಂದ ಮಂಜುಗಡ್ಡೆಯ ಉಪ್ಪುನೀರು ರಸ್ತೆಯುದ್ದಕ್ಕೂ ತೊಟ್ಟಿಕ್ಕುತ್ತದೆ; ಹಿಂದೆ ಬರುವ ಕಾರಿನ ಅಡಿಭಾಗಕ್ಕೆ ಅದರ ಅಭಿಷೇಕವಾಗುತ್ತದೆ.

ಆದುದರಿಂದ ಕಡಲ ಬದಿಯಲ್ಲಿಯೇ ಐದಾರು ವರ್ಷ ನಿಂತ ಕಾರನ್ನು ಕೊಳ್ಳುವವರು ಅದರ ಹೊಳಪನ್ನು ನೋಡಿ ಮರುಳಾಗಕೂಡದು. ಬಣ್ಣ ಹೊಸದಾದಷ್ಟೂ ಸಂಶಯ ಹೆಚ್ಚಬೇಕು. ಕಾರನ್ನು ಲಿಫ್ಟಿನ ಮೇಲೇರಿಸಿ ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನಿನ ಒಳಮಗ್ಗುಲು, ಸ್ಪ್ರಿಂಗು ಕೂರುವ ಬಟ್ಟಲು, ಬ್ರೇಕಿನ ನಳಿಗೆ, ಹೊಗೆಕೊಳವೆ ಇವನ್ನು ದೀಪ ಹಿಡಿದು ನೋಡತಕ್ಕದ್ದು. ಉಕ್ಕಿನ ಮೈಗೆ ಅಂಟಬೇಕಾದ ಸಣ್ಣ ಅಯಸ್ಕಾಂತ ಜಾರಿಬಿದ್ದರೆ ಅಲ್ಲಿ ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿದೆಯೆಂದು ತಿಳಿಯಬಹುದು. ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಈ ಪರೀಕ್ಷೆ ಸಲ್ಲದು. ತೂತುಬಿದ್ದ ಹೊಗೆಕೊಳವೆಯನ್ನು ಕೇವಲ ಶಬ್ದದ ತೊಂದರೆಯೆಂದು ಎಣಿಸುವವರುಂಟು. ಅದರಿಂದ ಸೋರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಸುಮಾರು ಇನ್ನೂರು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಕಂಟೇನರ್ ಲಾರಿಗಳ ಸಾಲಿನ ಹಿಂದೆ ಗಾಜು ಮುಚ್ಚಿ, ಎಂಜಿನ್ ಓಡಿಸುತ್ತ ಅರ್ಧ ಗಂಟೆ ನಿಂತಾಗ ತಲೆನೋವು, ವಾಕರಿಕೆ, ಮಂಪರು ಬಂದರೆ ಬಿಸಿಲನ್ನು ಬೈಯುವ ಮೊದಲು ಹೊಗೆಕೊಳವೆಯನ್ನು ಪರೀಕ್ಷಿಸಬೇಕು.

ನೀರಿನ ಕಥೆ ಇದಕ್ಕಿಂತ ಗಂಭೀರವಾದದ್ದು. 2015ರ ಡಿಸೆಂಬರಿನ ಪ್ರವಾಹದಲ್ಲಿಯೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿಯೂ ಚೆನ್ನೈನ ಅಸಂಖ್ಯ ಕಾರುಗಳು ಮುಳುಗಿದವು. ರಿಪೇರಿಯ ಖರ್ಚು ವಿಮೆಯ ಮೌಲ್ಯದ ಶೇಕಡ 75ನ್ನು ಮೀರಿದರೆ ಕಾರು ಪೂರ್ಣ ನಷ್ಟವೆಂದು ಗಣನೆಯಾಗುತ್ತದೆ. ಆ ಅವಶೇಷವನ್ನು ಹರಾಜಿನಲ್ಲಿ ಕೊಂಡವರು ಬಿಡಿಭಾಗವಾಗಿ ಪುದುಪೇಟೆಗೆ ಸಾಗಿಸಿದರೆ ಯಾರಿಗೂ ಕೇಡಿಲ್ಲ. ತೊಳೆದು ಒಣಗಿಸಿ, ಹೊಸ ರತ್ನಗಂಬಳಿ ಹಾಸಿ ಮತ್ತೆ ಸಂತೆಗೆ ತಂದರೆ ಕೇಡು ಕೊಂಡವನಿಗೆ. ತಗ್ಗಾದ ಸ್ಪೋರ್ಟ್ಸ್ ಕಾರಿಗೆ ಮೊಣಕಾಲುದ್ದದ ನೀರೇ ಪ್ರಳಯ. ಆಸನದ ಕೆಳಗೆ ಇರುವ ವಿದ್ಯುತ್ ಜೋಡಣೆಗಳು ಅಷ್ಟರಲ್ಲಿಯೇ ನೆನೆದು ಹೋಗಿರುತ್ತವೆ, ದೋಷ ಮಾತ್ರ ಆರು ತಿಂಗಳ ಬಳಿಕ ಒಂದೊಂದಾಗಿ ತಲೆಯೆತ್ತುತ್ತದೆ.

ಮುಳುಗಿದ ಕಾರು ತನ್ನ ಗುಟ್ಟನ್ನು ಪೂರ್ತಿ ಮುಚ್ಚಿಡಲಾರದು. ಸೀಟುಬೆಲ್ಟನ್ನು ಕೊನೆಯವರೆಗೆ ಎಳೆದರೆ ಬುಡದಲ್ಲಿ ಕೆಸರಿನ ಗೆರೆ ಕಂಡೀತು. ಆಸನದ ಹಳಿಯ ಬೋಲ್ಟು, ಹೆಚ್ಚುವರಿ ಚಕ್ರದ ಗುಂಡಿ, ದೀಪದ ಒಳಗಿನ ಮಂಜು ಇವೆಲ್ಲ ಮಾತನಾಡುತ್ತವೆ. ಅತಿಯಾದ ಸುಗಂಧವೂ ಒಂದು ಸಾಕ್ಷಿಯೇ. ಆ ಸುಗಂಧದ ಅಡಿಯಲ್ಲಿ ಬೂಷ್ಟಿನ ವಾಸನೆಯಿದ್ದರೆ ಆಸ್ತಮಾ ಇರುವವರ ಮನೆಗೆ ಆ ಕಾರು ಸೇರಬಾರದು. ಏರ್ ಕಂಡಿಷನರ್ ಹಾಕಿದಾಗಲೆಲ್ಲ ಬೂಷ್ಟಿನ ಕಣಗಳು ನೇರವಾಗಿ ಮುಖಕ್ಕೆ ಬೀಸುತ್ತವೆ. ಸರ್ವಿಸ್ ದಾಖಲೆಯಲ್ಲಿ 2016ರ ಅಥವಾ 2024ರ ಮೊದಲ ತಿಂಗಳುಗಳ ಬಿಲ್ಲುಗಳನ್ನು ಕೇಳಿ ಓದಬೇಕು. ವಿಮಾ ಪತ್ರದ ನೋ ಕ್ಲೇಮ್ ಬೋನಸ್ ಸಾಲನ್ನೂ ಓದಬೇಕು. ಅದು ವರ್ಷ ವರ್ಷಕ್ಕೆ 20, 25, 35, 45, 50 ಎಂದು ಏರತಕ್ಕದ್ದು. ಐದು ವರ್ಷ ಒಬ್ಬನೇ ಇಟ್ಟುಕೊಂಡ ಕಾರಿನಲ್ಲಿ ಅದು ಸೊನ್ನೆಯಾಗಿದ್ದರೆ ಏಕೆಂದು ಕೇಳುವ ಹಕ್ಕು ಕೊಳ್ಳುವವನಿಗಿದೆ.

ಗಾಳಿಚೀಲದ ಗಂಡಾಂತರ

ಉಷ್ಣ ಮತ್ತು ತೇವ ಎರಡೂ ಕೂಡಿದ ಹವೆಯು ತರುವ ಅತಿ ದೊಡ್ಡ ಅಪಾಯ ಕಣ್ಣಿಗೆ ಬೀಳದ ಜಾಗದಲ್ಲಿದೆ. ಜಪಾನಿನ ಟಕಾಟಾ ಕಂಪನಿಯ ಗಾಳಿಚೀಲಗಳನ್ನು ಹಿಂದಿನ ದಶಕಗಳಲ್ಲಿ ಪ್ರಪಂಚದ ಅನೇಕ ಹೆಸರಾಂತ ತಯಾರಕರು ಬಳಸಿದರು. ಚೀಲವನ್ನು ಕ್ಷಣಾರ್ಧದಲ್ಲಿ ಉಬ್ಬಿಸಲು ಅದರ ಡಬ್ಬಿಯಲ್ಲಿದ್ದುದು ಅಮೋನಿಯಂ ನೈಟ್ರೇಟ್. ವರ್ಷಗಟ್ಟಲೆ ಸೆಕೆ ಮತ್ತು ತೇವದಲ್ಲಿ ಬೆಂದ ಈ ರಾಸಾಯನಿಕ ಕೆಟ್ಟು, ಸಣ್ಣ ಡಿಕ್ಕಿಯಲ್ಲಿಯೂ ಮಿತಿಮೀರಿ ಸ್ಫೋಟಿಸಿ ಲೋಹದ ಚೂರುಗಳನ್ನು ಸವಾರನ ಮುಖ ಕುತ್ತಿಗೆಗಳಿಗೆ ಎಸೆಯಬಲ್ಲುದು. ಅಮೆರಿಕ ಒಂದರಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ಮಂದಿ ಇದರಿಂದ ಸತ್ತರು. ಕಂಪನಿ 2017ರಲ್ಲಿ ದಿವಾಳಿಯಾಯಿತು. ಅಲ್ಲಿ ಮೊದಲು ಹಿಂದಕ್ಕೆ ಕರೆಸಿದ್ದು ತೇವವೂ ಸೆಕೆಯೂ ಹೆಚ್ಚಿರುವ ದಕ್ಷಿಣದ ಕಡಲತೀರದ ರಾಜ್ಯಗಳ ಕಾರುಗಳನ್ನು ಎಂಬುದು ಚೆನ್ನೈನವರು ಗಮನಿಸಬೇಕಾದ ಸಂಗತಿ.

ಭಾರತದಲ್ಲಿಯೂ ಹಲವು ತಯಾರಕರು ಇಂತಹ ಕಾರುಗಳನ್ನು ಹಿಂದಕ್ಕೆ ಕರೆಸಿ ಉಚಿತವಾಗಿ ಡಬ್ಬಿ ಬದಲಿಸಿದ್ದಾರೆ. ಆದರೆ ಒಡೆಯರು ಬದಲಾಗುತ್ತ ಹೋದ ಕಾರಿಗೆ ಆ ಕಾಗದ ತಲುಪದೆ ಉಳಿದಿರಬಹುದು. ಹತ್ತು ಹನ್ನೆರಡು ವರ್ಷ ಹಳೆಯದಾದ ವಿದೇಶಿ ಸ್ಪೋರ್ಟ್ಸ್ ಕಾರನ್ನು ಆಶಿಸುವವರು ಚಾಸಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ, ಬಾಕಿಯಿದ್ದರೆ ಬದಲಿಸಿದ ಮೇಲೆಯೇ ಮುಂಗಡ ಕೊಡತಕ್ಕದ್ದು. ಇದರಲ್ಲಿ ಚೌಕಾಸಿ ಇಲ್ಲ. ಇನ್ನೊಂದು ಪರೀಕ್ಷೆಗೆ ಕಾಸೂ ಬೇಡ: ಕೀಲಿ ತಿರುಗಿಸಿದಾಗ ಗಾಳಿಚೀಲದ ಎಚ್ಚರಿಕೆ ದೀಪ ಹೊತ್ತಿ, ಕೆಲವು ಕ್ಷಣದಲ್ಲಿ ಆರಬೇಕು. ಹೊತ್ತಿಯೇ ಇದ್ದರೆ ದೋಷವಿದೆ. ಹೊತ್ತುವುದೇ ಇಲ್ಲವಾದರೆ ದೋಷವನ್ನು ಯಾರೋ ಮುಚ್ಚಿದ್ದಾರೆ.

ಕಡಮೆ ಓಡಿದ ಕಾರೆಂಬ ಹೊಗಳಿಕೆಯನ್ನೂ ಅಳೆದು ಕೇಳಬೇಕು. ಸ್ಪೋರ್ಟ್ಸ್ ಕಾರುಗಳು ಬಹುಕಾಲ ಹೊದಿಕೆಯಡಿಯಲ್ಲಿ ನಿಂತಿರತಕ್ಕವು. ಬ್ರೇಕಿನ ದ್ರವವು ನಿಂತಲ್ಲಿಯೇ ತೇವ ಹೀರುವುದರಿಂದ ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಟಯರಿನ ಅಚ್ಚು ಹೊಸದರಂತೆ ಕಂಡರೂ ರಬ್ಬರು ಮುದಿಯಾಗಿರಬಹುದು. ಅದರ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ಹುಟ್ಟಿದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ. 2023ರ ಏಪ್ರಿಲಿಗೆ ಹಿಂದಿನ ಕಾರಾದರೆ ಶೇಕಡ 20 ಎಥೆನಾಲ್ ಬೆರೆತ ಇಂದಿನ ಪೆಟ್ರೋಲನ್ನು ಅದರ ರಬ್ಬರು ನಳಿಗೆಗಳು ತಾಳುತ್ತವೆಯೇ ಎಂದು ತಯಾರಕರನ್ನು ಕೇಳುವುದೂ ಒಳ್ಳೆಯದು.

ಕೊಳ್ಳುವವನ ಬೆನ್ನು

ಕಾರನ್ನು ಇಷ್ಟೆಲ್ಲ ಪರೀಕ್ಷಿಸುವವರು ತಮ್ಮನ್ನು ಪರೀಕ್ಷಿಸಿಕೊಳ್ಳುವುದಿಲ್ಲ. ಮೊದಲ ಸ್ಪೋರ್ಟ್ಸ್ ಕಾರಿನ ಹಣ ಕೂಡುವ ಹೊತ್ತಿಗೆ ಅನೇಕರಿಗೆ ವಯಸ್ಸು ನಲವತ್ತು ದಾಟಿರುತ್ತದೆ. ಸೊಂಟದ ಬಿಲ್ಲೆಗಳಿಗೂ ಅಷ್ಟೇ ವಯಸ್ಸು. ನೆಲಮಟ್ಟದ ಆಸನಕ್ಕೆ ಇಳಿಯುವಾಗ ಸೊಂಟ ಮತ್ತು ಮೊಣಕಾಲು ಆಳವಾಗಿ ಮಡಿಯುತ್ತವೆ, ಏಳುವಾಗ ಮೈ ತಿರುಚುತ್ತದೆ. ಗಟ್ಟಿ ಸ್ಪ್ರಿಂಗು ಮತ್ತು ತೆಳುಪಕ್ಕೆಯ ಟಯರು ರಸ್ತೆಯ ಹೊಡೆತವನ್ನು ನೇರವಾಗಿ ಬೆನ್ನುಹುರಿಗೆ ಮುಟ್ಟಿಸುತ್ತವೆ. ಬಿಲ್ಲೆ ಜಾರಿದವರೂ ಕೃತಕ ಸೊಂಟದ ಕೀಲು ಹಾಕಿಸಿಕೊಂಡವರೂ ತಮ್ಮ ವೈದ್ಯರನ್ನು ಕೇಳದೆ ಈ ಆಸೆಗೆ ಕೈಹಾಕಬಾರದು. ಉಳಿದವರು ಅಂಗಡಿಯವನು ತೋರಿಸುವ ಐದು ನಿಮಿಷದ ಓಟಕ್ಕೆ ತೃಪ್ತರಾಗದೆ, ಅದೇ ಕಾರಿನಲ್ಲಿ ಅರ್ಧ ಗಂಟೆಯಾದರೂ ಸಂಜೆಯ ಸಂದಣಿಯಲ್ಲಿ ಕುಳಿತು ನೋಡಬೇಕು. ಎದೆಗೂ ಸ್ಟಿಯರಿಂಗಿಗೂ ನಡುವೆ 25 ಸೆಂಟಿಮೀಟರ್ ಉಳಿಯದಿದ್ದರೆ ಆ ಆಸನ ಆ ಮೈಗೆ ಹೊಂದದು. ಊರಿನಿಂದ ಬಂದ ತಾಯಿಯನ್ನು ಸೆಂಟ್ರಲ್ ನಿಲ್ದಾಣದಿಂದ ಕರೆತರುವ ಕಾರು ಇದಲ್ಲವೆಂಬುದನ್ನು ಮನೆಯಲ್ಲಿ ಮೊದಲೇ ಒಪ್ಪಿಕೊಳ್ಳುವುದು ಕ್ಷೇಮ. ಎರಡೇ ಆಸನದ ಕಾರಿನಲ್ಲಿ ಎಳೆಯ ಮಕ್ಕಳಿಗೆ ಜಾಗವೇ ಇಲ್ಲವೆಂದು ತಿಳಿಯಬೇಕು; ಮುಂದಿನ ಗಾಳಿಚೀಲದೆದುರು ಹಿಮ್ಮುಖ ಶಿಶುಪೀಠವನ್ನಿಡುವುದು ಪ್ರಾಣಾಪಾಯ.

ಬೆಂಗಳೂರಿನ ಕಾರು

ಚೆನ್ನೈ ಕನ್ನಡಿಗರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಕಡಲಿನಿಂದ ದೂರ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಒಬ್ಬ ಸೋದರಮಾವನೋ ಚಿಕ್ಕಪ್ಪನೋ ಇದ್ದೇ ಇರುತ್ತಾರೆ. ಉಪ್ಪು ಕಾಣದ, ಮೂರರಿಂದ ಐದು ವರ್ಷದೊಳಗಿನ, ಒಬ್ಬನೇ ಒಡೆಯನ, ಸರ್ವಿಸ್ ದಾಖಲೆ ಪೂರ್ತಿಯಾಗಿರುವ ಕಾರನ್ನು ಅವರ ಕಣ್ಣಿನಿಂದ ಹುಡುಕಿಸುವುದು ಜಾಣತನ. ಮೊದಲ ಸ್ಪೋರ್ಟ್ಸ್ ಕಾರಿಗೆ ರಾಯಪುರಂನವರ ಮಟ್ಟಿಗೆ ಇದೇ ಉತ್ತಮ ಆಯ್ಕೆ. ಹಾಗೆಂದು ಬೆಂಗಳೂರಿನ ಕಾರೆಲ್ಲ ಒಣಗಿದ್ದೆಂದು ನಂಬುವಂತಿಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಯಮಲೂರು ಕಡೆಯ ಸಿರಿವಂತರ ಬಡಾವಣೆಗಳಲ್ಲಿಯೇ ಬಹು ಬೆಲೆಯ ಕಾರುಗಳು ಮುಳುಗಿ ನಿಂತಿದ್ದನ್ನು ದೇಶವೇ ನೋಡಿತು. ಕೆಸರಿನ ಗೆರೆಯ ಪರೀಕ್ಷೆ ಅಲ್ಲಿಯೂ ತಪ್ಪದು.

ಗಡಿ ದಾಟಿಸುವುದಕ್ಕೆ ಖರ್ಚಿದೆ. ಕರ್ನಾಟಕದ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು, ಸಾಲವಿದ್ದರೆ ಬ್ಯಾಂಕಿನ ಬಿಡುಗಡೆಯ ಪತ್ರವನ್ನೂ. ಮೋಟಾರು ವಾಹನ ಕಾಯಿದೆಯಂತೆ ಹನ್ನೆರಡು ತಿಂಗಳಿಗೆ ಮೀರಿ ಬೇರೆ ರಾಜ್ಯದಲ್ಲಿರುವ ವಾಹನಕ್ಕೆ ಅಲ್ಲಿಯ ನೋಂದಣಿ ಕಡ್ಡಾಯ. ತಮಿಳುನಾಡಿನ ಆಜೀವ ತೆರಿಗೆಯನ್ನು ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿ ಕಟ್ಟಬೇಕು, ಕರ್ನಾಟಕದಲ್ಲಿ ಕಟ್ಟಿದ್ದರ ಉಳಿದ ಅವಧಿಯ ಪಾಲನ್ನು ಅಲ್ಲಿಂದ ಹಿಂದಕ್ಕೆ ಕೇಳಬೇಕು. ಈ ಹಿಂಪಾವತಿಗೆ ತಾಳ್ಮೆ ಬೇಕಾದುದರಿಂದ ಬೆಲೆ ಮಾತನಾಡುವಾಗ ಅದನ್ನು ಕೈಗೆ ಬಂದ ಹಣವೆಂದು ಎಣಿಸದಿರುವುದು ಮೇಲು. ಕೊಂಡವನು ಮೂವತ್ತು ದಿನದೊಳಗೆ ಒಡೆತನದ ಬದಲಾವಣೆಯನ್ನು ತಿಳಿಸಬೇಕು, ವಿಮೆಯ ವರ್ಗಾವಣೆಗೆ ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕು. ಮೂರನೆಯವರಿಗೆ ಆಗುವ ಹಾನಿಯ ವಿಮೆ ಕಾರಿನೊಡನೆ ತಾನಾಗಿ ಬರುತ್ತದೆ. ಸ್ವಂತ ಕಾರಿನ ಹಾನಿಯದು ಹೆಸರು ಬದಲಾಗುವವರೆಗೆ ಬರುವುದಿಲ್ಲ. ಬೆಂಗಳೂರಿನಿಂದ ಓಡಿಸಿಕೊಂಡು ಬರುವ ಆ ಮೊದಲ ದಿನವೇ ವಿಮೆಯಿಲ್ಲದ ದಿನವಾಗದಂತೆ ನೋಡಿಕೊಳ್ಳಬೇಕು.

ಇಂತಹ ಕಾರು ಸಿಗಲಿಲ್ಲವೆಂದರೆ, ಗತಚರಿತ್ರೆ ತಿಳಿಯದ ದೊಡ್ಡ ಹೆಸರಿನ ಹಳೆಯ ಕಾರಿಗಿಂತ ಅದೇ ಹಣಕ್ಕೆ ಬರುವ ಸಣ್ಣ ಚುರುಕಿನ ಹೊಸ ಕಾರು ವಾಸಿ. ಅದಕ್ಕೆ ಹೆಸರಿನ ಗತ್ತಿಲ್ಲ, ಆದರೆ ಖಾತರಿಯ ಕಾಗದವಿದೆ. ಶೇಕಡ 18ರ ತೆರಿಗೆಯ ಗುಂಪಿನಲ್ಲಿ ಬರುವುದರಿಂದ ಬೆಲೆಯೂ ಕೈಗೆ ನಿಲುಕುತ್ತದೆ.

ಕಾರು ಯಾವುದೇ ಇರಲಿ, ವಾರಕ್ಕೊಮ್ಮೆ ಅಡಿಭಾಗಕ್ಕೆ ಸಿಹಿನೀರು ಹಾಯಿಸುವುದು ರಾಯಪುರಂನಲ್ಲಿ ತಪ್ಪದ ಕೆಲಸ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನೂ ಮಾಡಿಸಿರಬೇಕು. ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಲು ಹೋಗಿ ಕೆಡಿಸಿಕೊಂಡರೆ ಸಾಮಾನ್ಯ ವಿಮೆ ಕೈಕೊಡುವುದೇ ಹೆಚ್ಚು. 2024ರ ಅಕ್ಟೋಬರಿನಲ್ಲಿ ಭಾರೀ ಮಳೆಯ ಮುನ್ಸೂಚನೆ ಬಂದೊಡನೆ ವೇಳಚೇರಿಯವರು ತಮ್ಮ ಕಾರುಗಳನ್ನೆಲ್ಲ ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಮನೆಗೆ ನಡೆದುಹೋದರು. ಮುಂಗಡ ಕೊಡುವ ಮೊದಲು ರಾಯಪುರಂನವರೂ ಒಂದು ಸಂಜೆ ತಮ್ಮ ಬೀದಿಯ ಸುತ್ತ ನಡೆದು, ನವೆಂಬರ್ ಡಿಸೆಂಬರಿನ ಅಂತಹ ನಾಲ್ಕೈದು ರಾತ್ರಿ ಕಾರು ಯಾವ ಎತ್ತರದ ಜಾಗದಲ್ಲಿ ನಿಲ್ಲುವುದೆಂದು ಗೊತ್ತುಮಾಡಿಕೊಂಡು ಬರಬೇಕು.